ಪಾಯಿಂಟ್ ನೋಡಲು ಬಂದವರು

ಲೋಕಿಕೆರೆಯ ಉಚ್ಚೆಂಗೆಮ್ಮ ಫೋನಿನಲ್ಲಿ ಮಾತಾಡುವವಳಲ್ಲ, ಕೂಗುವವಳು. ಆಚೆ ಬದುವಿನ ಮೇಲೆ ನಿಂತವರನ್ನು ಕರೆದ ಹಾಗಿರುತ್ತಿತ್ತು ಆಕೆಯ ದನಿ. ದಾವಣಗೆರೆಯಲ್ಲಿ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿಗೆ ಅಂಟಿಕೊಂಡೇ ಓಬಯ್ಯನ ಎಸ್‌ಟಿಡಿ ಬೂತು. ಆಕೆಯ ಕರೆ ಬಂದರೆ ಓಬಯ್ಯ ರಿಸೀವರನ್ನು ಕಿವಿಗೆ ಹಚ್ಚುತ್ತಲೇ ಇರಲಿಲ್ಲ. ಕೈ ಚಾಚಿ ದೂರ ಹಿಡಿದು, "ಜಮಾಲುದ್ದೀನಾ, ನಿಮ್ಮಕ್ಕ ಬಂದಾಳೆ, ಬಾರಪ್ಪ, ನನ್ ಬೂತಿನ ಗಾಜು ಒಡದೀತು" ಅನ್ನುತ್ತಿದ್ದ. ಕಾರು ಒರೆಸುತ್ತ ನಿಂತ ನನಗೆ ಅಲ್ಲಿಂದಲೇ ಎಲ್ಲವೂ ಕೇಳಿಸುತ್ತಿತ್ತು.

"ತಮ್ಮಾ, ಸುಮ್ನೆ ಮಾಡ್ದೆ. ಹತ್ತತೈತೋ ಇಲ್ವೋ ಅಂತ ನೋಡ್ದೆ."

"ಹತ್ತತೈತೆ ಅಕ್ಕಾ. ಸರೋಜಾ ಹೆಂಗಿದಾಳೆ?"

"ಅದಾಳೆ. ಹೊಟ್ಟಿ ಕೆಳಗಿಳದೈತೆ. ನೀ ಎಲ್ಲೂ ದೂರದ ಬಾಡಿಗಿ ಹಿಡೀಬ್ಯಾಡ ಮತ್ತೆ."

ಸರೋಜಾ ಆಕೆಯ ಮಗಳು, ಹೆರಿಗೆಗೆ ತವರಿಗೆ ಬಂದವಳು. ಹಿಂದಿನ ಸಲ ನೋವು ಶುರುವಾದಾಗ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಬೆಳಗಿನ ಬಸ್ಸಿಗೆ ಕರೆದುಕೊಂಡು ಬರುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಡಾಕ್ಟರಮ್ಮ ಈ ಸಲ ಮೊದಲೇ ಗದರಿಸಿ ಕಳಿಸಿದ್ದರು: "ನೋವು ಅಂದ ಕೂಡ್ಲೇ ಇಲ್ಲಿರಬೇಕು. ಬಸ್ ಕಾಯ್ತಾ ಕೂತ್ರೆ ಈ ಸಲ ತಾಯೀನೂ ಸಿಗೋದಿಲ್ಲ." ಅದಕ್ಕೇ ನಾನು ಆಕೆಗೆ ಮಾತು ಕೊಟ್ಟಿದ್ದೆ, ಒಂದು ಕೂಗು ಹಾಕು, ಯಾವ ಬಾಡಿಗೆ ಇದ್ದರೂ ಇಳಿಸಿ ಬರುತ್ತೇನೆ ಎಂದು.

ಕೂಗು ಹಾಕುವ ಆ ಫೋನು ಆಕೆಯದಲ್ಲ, ಅವಳು ದುಡಿಯುವ ಹೊಲದ ಸಾಹುಕಾರ ಬಕ್ಕೇಶಪ್ಪನವರದು. ಮಂಡಿಪೇಟೆಯಲ್ಲಿ ಅವರ ದಲಾಲಿ ಅಂಗಡಿ. ಅಂಗಡಿಯ ಟೆಲಿಫೋನಿಗೆ ಒಂದು ಪೆಟ್ಟಿಗೆ ಜೋಡಿಸಿ, ಮಾಳಿಗೆ ಮೇಲೆ ಉದ್ದನೆಯ ಏರಿಯಲ್ ನಿಲ್ಲಿಸಿ, ಇಟ್ಟಿಗೆಯಂಥ ಕೈಫೋನೊಂದನ್ನು ಲೋಕಿಕೆರೆಯ ಪಂಪ್‌ಹೌಸಿನಲ್ಲಿ ಇಟ್ಟಿದ್ದರು. ನಡುವೆ ಅಷ್ಟು ಮೈಲಿ ತಂತಿಯೇ ಇಲ್ಲ. ಕರೆಂಟ್ ಬಂತೇ, ಮೋಟಾರು ಹಾಕಿದರೇ, ಆಳುಗಳು ಬಂದರೇ ಎಂದು ಗಾದಿ ಮೇಲೆ ಕೂತೇ ಕೇಳುವುದಕ್ಕೆ. ಕಾರ್ಡ್‌ಲೆಸ್ ಅನ್ನುತ್ತಿದ್ದರು. ಮುಂಬಯಿಯಿಂದ ಬಟ್ಟೆ ಗಂಟಿನೊಳಗೆ ಬಂದ ಮಾಲು, ಲೈಸೆನ್ಸು ಗಿಯ್ಸೆನ್ಸು ಇಲ್ಲ. ಅದು ಗುಟ್ಟೇನಲ್ಲ, ಮಂಡಿಪೇಟೆಯ ಎಷ್ಟೋ ಮಾಳಿಗೆಗಳ ಮೇಲೆ ಅಂಥದೇ ಕಡ್ಡಿ ನಿಂತಿತ್ತು. ಉಚ್ಚೆಂಗೆಮ್ಮ ಕಾಲು ಹಿಡಿದಾಗ ಬಕ್ಕೇಶಪ್ಪ, "ಆತು, ಹೆರಿಗೀ ಮಟ ಆ ಬೂತಿಗೊಂದು ಫೋನ್ ಹಚ್ಚು. ಒಂದು ಜೀವ ಉಳದ್ರೆ ನನಗೂ ಪುಣ್ಯ" ಎಂದು ವಿಭೂತಿಯ ಹಣೆ ನೇವರಿಸಿಕೊಂಡಿದ್ದರಂತೆ.

ದಾವಣಗೆರೆ ಜಿಲ್ಲೆಯಾಗಿ ಎರಡು ವರ್ಷ ಕಳೆದಿತ್ತು. ಆಗಷ್ಟೇ ಒಂದು ಮೊಬೈಲ್ ಕಂಪನಿ ಬಂದು ಗಾಜಿನ ಅಂಗಡಿ ತೆರೆದು, ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು ಟವರು ನಿಲ್ಲಿಸಿತ್ತು. ಆ ಕಂಪನಿಯ ಅಂಜನ್ ಕುಮಾರ್ ಎಂಬ ಟೈ ಕಟ್ಟಿದ ಮನುಷ್ಯ ಒಂದು ಬೆಳಿಗ್ಗೆ ಸ್ಟ್ಯಾಂಡಿಗೆ ಬಂದ. ನನ್ನ ಕೈ ಕುಲುಕಿದ. ಕುಲುಕಿದ ಮೇಲೆ ಕರ್ಚೀಫು ತೆಗೆದು ಒಂದೊಂದೇ ಬೆರಳು ಒರೆಸಿಕೊಂಡ.

"ವೀಕ್ ಪೂರ್ತಿ ಕಾರ್ ಬೇಕು. ಗೌರ್ಮೆಂಟ್ ಆಫೀಸರ್ ಒಬ್ರು ಓಡಾಡ್ಬೇಕು."

"ಗೌರ್ಮೆಂಟಿನೋರಿಗೆ ಜೀಪಿರ್ತಾವಲ್ರಿ?"

"ಜೀಪಿದೆ, ಡೀಸೆಲ್‌ಗೆ ಸ್ಯಾಂಕ್ಷನ್ ಇಲ್ಲ. ಕಾರು, ರೂಮು, ಊಟ ಎಲ್ಲಾ ನಮ್ದೇ."

ದೂರದ ಬಾಡಿಗೆಯಲ್ಲ, ದಾವಣಗೆರೆ-ಹರಿಹರದ ಆಸುಪಾಸು ಎಂದು ಖಾತ್ರಿ ಮಾಡಿಕೊಂಡು ಒಪ್ಪಿದೆ. ಆಫೀಸರ ಹೆಸರು ರುದ್ರಮುನಿ. ವೈರ್‌ಲೆಸ್ಸಿನ ಮೇಲೆ ಕಣ್ಣಿಡುವ, ಕಣ್ಣಲ್ಲ ಕಿವಿಯಿಡುವ, ಸರ್ಕಾರದ ಒಂದು ಆಫೀಸಿನವರು. ಮಡಿಲಲ್ಲಿ ಒಂದು ಸೆಟ್ಟು, ತಲೆಗೆ ಇಯರ್‌ಫೋನು, ಕೈಯಲ್ಲಿ ಮೀನಿನ ಮುಳ್ಳಿನಂತೆ ಕಡ್ಡಿಗಳಿರುವ ಏರಿಯಲ್. ಮುಂದಿನ ಸೀಟಿನಲ್ಲಿ ಕೂತರೆ ಬಾಯಿ ಸುಮ್ಮನಿರದು. ನನಗೂ ಅಂಥವರೇ ಬೇಕು. ಮೊದಲ ದಿನ ಆ ಮನುಷ್ಯನನ್ನು ನಾನು ಬಹಳ ಇಷ್ಟಪಟ್ಟೆ, ಸುಳ್ಳು ಹೇಳಬಾರದು.

"ಹೊಸದ್ರಲ್ಲಿ ಸಮುದ್ರದ ಕಡೆ ಡ್ಯೂಟಿ ಕಣಯ್ಯಾ. ಹಡಗು, ವಿಮಾನ, ಪೊಲೀಸು, ಎಲ್ಲಾರ್ನೂ ಕೇಳಿಸ್ಕೊಂಡು ಕೂತಿರ್ತಿದ್ವಿ. ಒಬ್ರ ದಾರಿಗೆ ಇನ್ನೊಬ್ರು ಅಡ್ಡ ಬರಬಾರದು, ಅಷ್ಟೇ ನಮ್ ಕೆಲಸ. ಒಬ್ಬ ಹಡಗಿನ ಆಪರೇಟರ್ ಇದ್ದ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಅವನು ಕುಟ್ಟೋ ಮೋರ್ಸ್ ಟಕಟಕ ಕೇಳಿದ್ರೇ ಇವತ್ತು ಅವನಿಗೆ ಜ್ವರ ಬಂದಿದೆ ಅಂತ ಗೊತ್ತಾಗೋದು."

"ಅಬ್ಬಾ! ಈಗ ಯಾರ್ನ ಕೇಳ್ತೀರಿ ಸಾಹೇಬ್ರೆ?"

"ಈಗ ಎಲ್ಲಾ ಹರಾಜು. ಆಕಾಶನ ಪಟ್ಟಿ ಪಟ್ಟಿ ಮಾಡಿ ಯಾರು ಜಾಸ್ತಿ ಕೂಗಿದ್ರೋ ಅವರಿಗೆ ಕೊಟ್ರು. ಕೊಂಡೋರು ಸುಮ್ನಿರ್ತಾರಾ? ನಮ್ ಸೈಟಲ್ಲಿ ಯಾರೋ ಗುಡಿಸಲು ಹಾಕಿದಾರೆ, ಎಬ್ಸಿ ಅಂತಾರೆ. ಮೊದಲು ಯಾರು ಕಂಪ್ಲೇಂಟ್ ಕೊಟ್ರೂ ಹೋಗ್ತಿದ್ವಿ. ಈಗ ಪೊಲೀಸ್ನೋರು ತೊಂದ್ರೆ ಅಂದ್ರೂ ಫೈಲು ಮಲಗಿರುತ್ತೆ. ಕಂಪನಿಯೋರು ಅಂದ್ರೆ ಕಾರು ಬರುತ್ತೆ."

ಹಿಂದಿನ ಸೀಟಿನಿಂದ ಅಂಜನ್ ಕುಮಾರ್ ನಕ್ಕ. "ಸಾರ್, ನೀವು ಹಾಗಂದ್ರೆ ಹೇಗೆ? ನಮ್ ಟವರ್ ಅಂದ್ರೆ ಒಂದು ಕಿವಿ. ಕಸ್ಟಮರ್ ಮೆತ್ತಗೆ ಮಾತಾಡೋ ಜಾಗದಲ್ಲೇ ಈ ಕಳ್ಳ ಕಾರ್ಡ್‌ಲೆಸ್‌ಗಳು ಬಂದು ಕಿರಚ್ತವೆ. ನಮ್ಮೋರ ಕಾಲ್ ಕಟ್ ಆಗುತ್ತೆ. ಅಷ್ಟು ಕೋಟಿ ಕಟ್ಟಿ ತಗೊಂಡಿದೀವಿ."

ಆ ಮಾತೂ ನನಗೆ ನ್ಯಾಯವಾಗಿಯೇ ಕಂಡಿತು. ಕೊಂಡವನ ಕಷ್ಟವೂ ಕಷ್ಟವೇ ತಾನೇ. ಆದರೆ ಹರಿಹರದ ಅಕ್ಕಿ ಗಿರಣಿಯಲ್ಲಿ ನಡೆದದ್ದನ್ನು ಕಂಡ ಮೇಲೆ ನನ್ನ ನಾಲಿಗೆ ಕಹಿಯಾಯಿತು.

ನನ್ನ ಮನೆ ಇರುವುದೇ ಹರಿಹರದಲ್ಲಿ. ಗಿರಣಿಯವರನ್ನು ಚಿಕ್ಕಂದಿನಿಂದ ಬಲ್ಲೆ. ರುದ್ರಮುನಿಯವರು ಏರಿಯಲ್ ತಿರುಗಿಸುತ್ತ ತಿರುಗಿಸುತ್ತ ಸೀದಾ ಅವರ ಮಾಳಿಗೆ ಹತ್ತಿ, ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಏನ್ರೀ, ಇದಕ್ಕೆ ಜೈಲಿದೆ ಗೊತ್ತಾ?" ಎಂದರು. ಗಿರಣಿ ಧಣಿಯ ಮುಖ ತೌಡಿನ ಬಣ್ಣಕ್ಕೆ ಬಂತು. ಅಷ್ಟಕ್ಕೇ ಕಾದಿದ್ದವನ ಹಾಗೆ ಅಂಜನ್ ಕುಮಾರ್ ಹಿಂದಿನಿಂದ ಬಂದು ಧಣಿಯ ಹೆಗಲ ಮೇಲೆ ಕೈ ಹಾಕಿದ. "ಸಾರ್ ಒಳ್ಳೆಯವರು. ಕೇಸ್ ಯಾಕೆ? ನೀವು ನಮ್ಮ ಫ್ಯಾಮಿಲಿಗೆ ಬನ್ನಿ." ಬ್ಯಾಗಿನ ಜಿಪ್ಪು ಸರ್ರೆಂದು ತೆರೆಯಿತು. ಒಳಗೆ ಮೊಬೈಲುಗಳು, ಬಣ್ಣದ ಕಾಗದಗಳು. ಧಣಿಗೊಂದು, ಮಗನಿಗೊಂದು, ಅಳಿಯನಿಗೊಂದು. ಪೆಟ್ಟಿಗೆ ಧಣಿಯ ಕೈಯಿಂದಲೇ ಮೂಟೆಗಳ ಹಿಂದೆ ಸೇರಿತು. "ಇನ್ಮೇಲೆ ಆನ್ ಮಾಡಬೇಡಿ" ಎಂದು ರುದ್ರಮುನಿಯವರು ಇಯರ್‌ಫೋನು ಕೊರಳಿಗೆ ಜಾರಿಸಿದರು. ಗಿರಣಿಯವರು ತಟ್ಟೆ ತುಂಬ ಮಂಡಕ್ಕಿ, ಮಿರ್ಚಿ ತರಿಸಿದರು. ಎಲ್ಲರೂ ತಿಂದರು.

ಕಾರಿಗೆ ಮರಳಿದ ಮೇಲೆ ಅಂಜನ್ ಕುಮಾರ್ ಎಣ್ಣೆ ಬೆರಳುಗಳನ್ನು ಒರೆಸಿಕೊಳ್ಳುತ್ತ, "ಅಂಗಡೀಲಿ ಕೂತ್ರೆ ತಿಂಗಳಿಗೆ ಬರೋ ಕನೆಕ್ಷನ್ ಸಾರ್, ಇಲ್ಲಿ ಒಂದೇ ಮನೇಲಿ ಬಂತು" ಎಂದ. ರುದ್ರಮುನಿ ತೇಗಿದರು. ಹಸಿಮೆಣಸಿನ ಆ ತೇಗಿನ ವಾಸನೆ ಕಾರಿನ ತುಂಬ ತುಂಬಿಕೊಂಡಿತು. ನಾನು ಕಿಟಕಿ ಇಳಿಸಿದೆ.

ಹೀಗೇ ದಿನಾ. ಮುಂದೆ ಸರ್ಕಾರ ಹೆದರಿಸುವುದು, ಹಿಂದೆ ಕಂಪನಿ ಮಾರುವುದು. ಹುಲಿ ವೇಷ ಹಾಕಿಸಿ ಮುಂದೆ ಕುಣಿಸಿ, ಹಿಂದೆ ತಟ್ಟೆ ಹಿಡಿದು ಬರುತ್ತಾರಲ್ಲ, ಹಾಗೆ.

ಆ ವಾರದ ನಡುವೆ ಹರಿಹರದ ಸೇತುವೆ ದಾಟಿ ಬರುವಾಗ ರುದ್ರಮುನಿ ಕೈಯೆತ್ತಿ ಕಾರು ನಿಲ್ಲಿಸಿದರು. ಕೆಳಗಿಳಿದು ಏರಿಯಲ್ ತಿರುಗಿಸಿ ನೋಡಿದರು.

"ಒಂದಿದೆ ಅಂಜನ್. ಸ್ವಲ್ಪ ಹೊತ್ತು ಬರುತ್ತೆ, ಮಾಯ ಆಗುತ್ತೆ. ಯಾರೋ ಹೆಂಗಸು. ಏನು ಕಿರಚ್ತಾಳಯ್ಯಾ! ಮೋಟಾರು, ಕರೆಂಟು ಅಂತಾಳೆ. ದಾವಣಗೆರೆ ಆಚೆ, ದಕ್ಷಿಣಕ್ಕೆ."

ಆ ಕಡೆ ಹಾಗೆ ಕಿರುಚುವ ಹೆಂಗಸು ಇನ್ಯಾರು?

ಎಚ್ಚರಿಸಬೇಕು. ಹೇಗೆ? ಆಕೆಗೆ ಸುದ್ದಿ ಮುಟ್ಟಿಸಲು ಇರುವುದು ಅದೊಂದೇ ಫೋನು. ಆ ಫೋನಿಗೆ ಕರೆ ಹೋದರೆ ಆಕೆ ಎತ್ತಿ ಕೂಗುತ್ತಾಳೆ. ಕೂಗಿದರೆ ಈ ಮನುಷ್ಯನ ಕಿವಿಗೆ ಬೀಳುತ್ತಾಳೆ. ನಾನೇ ಹೋಗಿ ಹೇಳೋಣವೆಂದರೆ ಅವರು ಆಗಲೇ ಆ ದಿಕ್ಕಿಗೆ ಕಾರು ಹೊರಡಿಸಿದರು. ಲೋಕಿಕೆರೆ ರಸ್ತೆ ಕಿತ್ತುಹೋಗಿದೆ ಎಂದು ಹೇಳಿ ನೋಡಿದೆ. ಎದುರಿಗೇ ಬಸ್ಸು ಬಂತು, ಬೋರ್ಡಿನಲ್ಲಿ ಲೋಕಿಕೆರೆ ಎಂದು ಬರೆದುಕೊಂಡು. ರುದ್ರಮುನಿ ನನ್ನ ಮುಖ ನೋಡಿದರು. "ನಡಿ ನಡಿ" ಎಂದರು.

ಊರಾಚೆ ಮೆಕ್ಕೆಜೋಳ ಕೊಯ್ದ ಹೊಲ. ಬರೀ ಕೂಳೆ. ಅದರ ನಡುವೆ ರುದ್ರಮುನಿ ಇಯರ್‌ಫೋನು ಹಾಕಿಕೊಂಡು, ಮೀನಿನ ಮುಳ್ಳನ್ನು ಎದೆ ಮಟ್ಟಕ್ಕೆ ಹಿಡಿದು, ಕಣ್ಣು ಅರೆಮುಚ್ಚಿ, ನಿಂತಲ್ಲೇ ಮೆಲ್ಲಗೆ ತಿರುಗತೊಡಗಿದರು. ಎರಡು ಹೆಜ್ಜೆ ಇಟ್ಟು ನಿಲ್ಲುವರು, ಮತ್ತೆ ತಿರುಗುವರು. ಯಾವ ಸದ್ದೂ ಇಲ್ಲ. ಆಕೆ ಫೋನು ಮುಟ್ಟಿರಲಿಲ್ಲ. ಇನ್ನೊಂದು ಗಳಿಗೆ ಮುಟ್ಟದಿದ್ದರೆ ಇವರು ಬೇಸತ್ತು ಹೊರಡುತ್ತಾರೆ ಎಂದು ದೇವರನ್ನು ನೆನೆದೆ.

ನಮ್ಮ ಸೀಮೆಯಲ್ಲಿ ಒಬ್ಬ ಮನುಷ್ಯ ಹೊಲದ ನಡುವೆ ಕೈಯಲ್ಲಿ ಏನೋ ಹಿಡಿದು ಹಾಗೆ ತಿರುಗುತ್ತಿದ್ದರೆ ಅದಕ್ಕೆ ಒಂದೇ ಅರ್ಥ. ಬೋರ್‌ವೆಲ್ಲಿಗೆ ಪಾಯಿಂಟ್ ನೋಡುತ್ತಿದ್ದಾರೆ. ಕೆಲವರು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ನಡೆಯುತ್ತಾರೆ, ಕೆಲವರು ಕವಲು ಕಡ್ಡಿ ಹಿಡಿಯುತ್ತಾರೆ. ಪಕ್ಕದ ಹೊಲದ ಜಂಬಯ್ಯಜ್ಜ ಎತ್ತು ಬಿಟ್ಟು ಓಡಿಬಂದ.

"ಸ್ವಾಮೇರು ಯಾವ ಊರಿನೋರು? ಕಾಯಿ ಬ್ಯಾಡೇನು? ಮಿಷನ್ ಮ್ಯಾಗೇ ನೋಡ್ತೀರೇನು?"

"ಅಜ್ಜಾ, ಸರಿ ಆಚೆ" ಎಂದರು ರುದ್ರಮುನಿ.

"ಸರೀತೀನ್ರಿ. ನೋಡ್ರಿ, ನಮ್ದೊಂದು ಕೊರದು ಬರೇ ಧೂಳು ಬಂತು. ಇದು ಮುಗದ್ ಮ್ಯಾಗೆ ಹಂಗೇ ನಮ್ ಬದುವಿನ್ ಕಡೆ ಎರಡು ಹೆಜ್ಜಿ ಬರ್ರಿ. ಏನ್ ಕಾಣಿಕಿ ಐತೋ ಇಡ್ತೀನಿ."

"ನೀರಲ್ಲಪ್ಪಾ ನಾನು ನೋಡ್ತಿರೋದು!"

ಅಜ್ಜ ನನ್ನ ಕಡೆ ಬಾಗಿ, "ಹಂಗೇ ಅಂತಾರಪ್ಪ ದೊಡ್ಡೋರು, ಬಾಯಿ ಬಿಟ್ರೆ ಗಂಗಮ್ಮ ಸರಕೊಂತಾಳೆ" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ನಾಲ್ಕಾರು ಜನ ಸೇರಿದರು. ಒಬ್ಬ ಚಪ್ಪಲಿ ಬಿಟ್ಟ. ಇನ್ನೊಬ್ಬ ರುದ್ರಮುನಿಯ ಕಾಲಿನ ಬುಡದಲ್ಲಿ ಕಲ್ಲು ನೆಟ್ಟು ಗುರುತು ಮಾಡಿದ. ಅಂಜನ್ ಕುಮಾರ್ ಕೂಳೆ ಚುಚ್ಚಿಸಿಕೊಂಡು, "ವಾಟ್ ಈಸ್ ದಿಸ್!" ಎಂದು ಒಂಟಿ ಕಾಲಲ್ಲಿ ಕುಣಿಯುತ್ತಿದ್ದ. ನಗು ಬರಬೇಕಿತ್ತು ನನಗೆ. ಆದರೆ ಪಂಪ್‌ಹೌಸಿನ ಕಡೆಯಿಂದ ಸೆರಗು ಸಿಕ್ಕಿಸಿಕೊಂಡು ಉಚ್ಚೆಂಗೆಮ್ಮ ಬರುತ್ತಿರುವುದು ಕಂಡಿತು.

ಕೈ ಅಡ್ಡಾಡಿಸಿ, ಬೇಡ, ಹೋಗು, ಒಳಗೆ ಹೋಗು ಎಂದು ಸನ್ನೆ ಮಾಡಿದೆ. ಆಕೆ ನನ್ನ ಸನ್ನೆ ನೋಡಿದಳು, ಏರಿಯಲ್ ಹಿಡಿದವರನ್ನು ನೋಡಿದಳು, ನನ್ನ ಕಾರು ನೋಡಿದಳು. ಜಮಾಲ ಒಳ್ಳೆಯ ಪಾಯಿಂಟಿನವರನ್ನೇ ಹಿಡಿದು ತಂದಿದ್ದಾನೆ, ಸಾಹುಕಾರರಿಗೆ ಬೇಗ ಹೇಳು ಅನ್ನುತ್ತಿದ್ದಾನೆ ಎಂದುಕೊಂಡಳು. ಮುಖವೆಲ್ಲ ಬೆಳಗಿತು. ತಿರುಗಿ ಪಂಪ್‌ಹೌಸಿಗೆ ಓಡಿ ಫೋನೆತ್ತಿ ಕೂಗಿದಳು.

"ಸಾವ್ಕಾರ್ರೇ! ಪಾಯಿಂಟ್ ನೋಡೋರು ಬಂದಾರೆ! ನಮ್ ಜಮಾಲ ಕಾರಾಗ ಕರ್ಕಂಡ್ ಬಂದಾನೆ! ನಮ್ ಹೊಲಾ ಮೊದ್ಲು ತೋರಿಸ್ಲೇನ್ರಿ, ಇಲ್ಲಾಂದ್ರೆ ಜಂಬಯ್ಯಜ್ಜ ಎಳಕಂಡ್ ಹೊಕ್ಕಾನೆ!"

ರುದ್ರಮುನಿ ಬೆಚ್ಚಿದರು. ಒಂದು ಕಿವಿಯ ಮುಚ್ಚಳ ಎತ್ತಿದರು. ಅದೇ ದನಿ ಹೊಲದ ಮೇಲಿಂದ ಬಯಲಾಗಿಯೂ ಬರುತ್ತಿತ್ತು, ಇನ್ನೊಂದು ಕಿವಿಯಲ್ಲಿ ಯಂತ್ರದೊಳಗಿಂದಲೂ ಬರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಜನ್! ನನ್ ವಿಷಯಾನೇ ಮಾತಾಡ್ತಿದಾಳೆ ಕಣಯ್ಯಾ! ಇಷ್ಟು ವರ್ಷದಲ್ಲಿ ಇಷ್ಟು ಸುಲಭವಾಗಿ ಯಾರೂ ಸಿಕ್ಕಿರಲಿಲ್ಲ."

ಪಂಪ್‌ಹೌಸಿನ ಬಾಗಿಲಲ್ಲಿ ಉಚ್ಚೆಂಗೆಮ್ಮ ಅವರಿಗೆ ಕಾಲು ತೊಳೆಯಲು ತಂಬಿಗೆ ನೀರು ಹಿಡಿದು ನಿಂತಿದ್ದಳು. ಅವರು ನೀರು ದಾಟಿ ಒಳಗೆ ಹೋಗಿ ಫೋನು ಎತ್ತಿಕೊಂಡರು.

ಅರ್ಥವಾಗಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪಂಪ್‌ಹೌಸಿಗೆ ಅಂಟಿದ ತಮ್ಮ ಕೋಣೆಯಿಂದ ಸರೋಜಾಳನ್ನು ಕೈ ಹಿಡಿದು ಕರೆತಂದು ಮುಂದೆ ನಿಲ್ಲಿಸಿದಳು. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತು ಏದುಸಿರು ಬಿಡುತ್ತಿದ್ದಳು.

"ಸಾಹೇಬ್ರೆ, ಇವಳ್ನ ನೋಡ್ರಿ. ದಿನ ತುಂಬ್ಯಾವೆ. ಹೋದ ಸಲ ಏನಾತು ಅಂತ ಊರಿಗೇ ಗೊತ್ತು. ಹೆತ್ತಾದ ದಿನ ಈ ಫೋನು ನಾನೇ ತಂದು ನಿಮ್ ಪಾದಕ್ಕೆ ಇಡ್ತೀನಿ. ಅಲ್ಲೀ ಮಟ ಬಿಡ್ರಿ."

"ಅದು ಕಂಪನಿಯವರು ಕೊಂಡುಕೊಂಡಿರೋ ಜಾಗ ಅಮ್ಮಾ. ನೀನು ಅದರಲ್ಲಿ ಮಾತಾಡೋ ಹಾಗಿಲ್ಲ."

"ಯಾವಾಗ ಕೊಟ್ರಿ? ಒಂದು ಬದು ಮಾರಬೇಕಾದ್ರೂ ಡಂಗುರ ಸಾರ್ತಾರೆ, ಪಕ್ಕದ ಹೊಲದೋನ್ನ ಕರದು ಕೇಳ್ತಾರೆ. ನಮ್ ತಲಿ ಮ್ಯಾಗಿಂದು ಮಾರಿದ್ರಿ, ನಮಗೆ ಒಂದು ಮಾತು ಹೇಳ್ದೋರು ಯಾರು?"

ಅಂಜನ್ ಕುಮಾರ್ ಗಡಿಯಾರ ನೋಡಿಕೊಂಡ. "ಓನರ್ ಹತ್ರ ಹೋಗೋಣ ಸಾರ್. ಇವರ ಹತ್ರ ಏನಿದೆ?"

ಉಚ್ಚೆಂಗೆಮ್ಮನನ್ನೂ ಹತ್ತಿಸಿಕೊಂಡು ಮಂಡಿಪೇಟೆಗೆ ಬಂದೆವು. ಸಾಹುಕಾರರು ಹೇಳಿದರೆ ಬಿಟ್ಟಾರು ಎಂದು ಆಕೆಗೆ ಭರವಸೆ. ನಾವು ಬರುವಷ್ಟರಲ್ಲಿ ಬಕ್ಕೇಶಪ್ಪನವರ ಮಾಳಿಗೆಯ ಮೇಲೆ ಇಬ್ಬರು ಹಮಾಲರು ಏರಿಯಲ್ ಬಿಚ್ಚಿ ಕೆಳಗಿಳಿಸುತ್ತಿದ್ದರು. ಫೋನು ನಡುವೆ ಕಡಿದುಹೋದಾಗಲೇ ಸಾಹುಕಾರರಿಗೆ ವಾಸನೆ ಹತ್ತಿತ್ತು. ಗಾದಿಯ ಮೇಲೆ ನಗುತ್ತ ಕೂತಿದ್ದರು.

"ಬರ್ರಿ ಸಾಹೇಬ್ರೆ, ಕೂಡ್ರಿ. ಬೆಣ್ಣೆ ದೋಸೆ ತರಿಸ್ಲೇನು?"

"ಈ ಫೋನ್ ನಿಮ್ದಾ?"

ಬಕ್ಕೇಶಪ್ಪ ಅದನ್ನು ಮೊದಲ ಸಲ ಕಂಡವರ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಮ್ದಲ್ಲ ಬಿಡ್ರಿ. ಇಂಥ ಕಳ್ಳ ಮಾಲು ನಾವು ಇಟ್ಕಳ್ಳೋದಿಲ್ಲ. ಆಳುಮಕ್ಳು ಎಲ್ಲಿಂದ ಏನ್ ತಂದಿಟ್ಕಂತಾರೋ, ನಾವೇನ್ ಹೊಲದಾಗ ಕೂತು ಕಾಯ್ತೀವೇನ್ರಿ?"

ಉಚ್ಚೆಂಗೆಮ್ಮ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದಳು. ಅಷ್ಟು ದೊಡ್ಡ ದನಿಯ ಹೆಂಗಸು ಸದ್ದೇ ಮಾಡಲಿಲ್ಲ.

ಮಂಡಿಪೇಟೆಯ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ರಾಶಿಯ ಮುಂದೆ ಕೊಳ್ಳುವವನು ಮತ್ತು ದಲಾಲಿ ಟವೆಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದೇ ಬೆಲೆ ಕಟ್ಟುತ್ತಾರೆ. ಮಾಲಿನ ಒಡೆಯನಾದ ರೈತನಿಗೆ ಕಾಣುವುದು ಟವೆಲು ಅಲ್ಲಾಡುವುದಷ್ಟೇ. ಬಕ್ಕೇಶಪ್ಪ ಹೆಗಲ ಟವೆಲು ತೆಗೆದು ಗಾದಿ ಮೇಲೆ ಹರವಿ ಅದರ ಕೆಳಗೆ ಕೈ ತೂರಿಸಿದರು. ನಾನು ರುದ್ರಮುನಿಯ ಮುಖವನ್ನೇ ನೋಡುತ್ತಿದ್ದೆ. ಏನಿದು ಎಂದು ಕೇಳುತ್ತಾರೆ, ಛೀ ಅನ್ನುತ್ತಾರೆ ಎಂದುಕೊಂಡೆ. ಅವರು ಇಯರ್‌ಫೋನು ಬದಿಗಿಟ್ಟು ತಾವೂ ಕೈ ತೂರಿಸಿದರು. ಯಾರು ಕಲಿಸಿದ್ದರೋ! ಬೆವರಿನ ಆ ಟವೆಲು ಹೊಟ್ಟೆಯೊಳಗೆ ಇಲಿ ಹೊಕ್ಕಂತೆ ಅಲ್ಲಾಡಿತು, ನಿಂತಿತು, ಇನ್ನೊಮ್ಮೆ ಅಲ್ಲಾಡಿತು. ಹಡಗಿನವನ ಜ್ವರ ಬಲ್ಲ ಮನುಷ್ಯನ ಬೆರಳು ಅವು. ನಾನು ಹಿಂದೆ ಸರಿದು ಕಂಬಕ್ಕೆ ಒರಗಿದೆ.

"ನಮ್ದು?" ಎಂದ ಅಂಜನ್ ಕುಮಾರ್.

"ನಿಮ್ದೂ ಕೊಡ್ರಿ. ಅಂಗಡಿಗೆ ಎರಡು, ಮನಿಗೆ ಎರಡು" ಎಂದರು ಬಕ್ಕೇಶಪ್ಪ. ಕೈ ಕುಲುಕಿದರು. ಕರ್ಚೀಫು ಹೊರಬಂತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ರುದ್ರಮುನಿ ಕೆಮ್ಮಿದರು. "ಇಷ್ಟು ದಿನ ಓಡಾಡಿ ಒಂದೂ ಹಿಡೀಲಿಲ್ಲ ಅಂದ್ರೆ ಮೇಲಿನೋರು ಕೇಳ್ತಾರೆ. ಒಂದು ಕೇಸಾದ್ರೂ ತೋರಿಸಬೇಕು."

ಮೂವರ ಕಣ್ಣೂ ಒಟ್ಟಿಗೇ ಬಾಗಿಲ ಕಡೆ, ಚಪ್ಪಲಿಗಳ ಕಡೆ ಹೊರಳಿದವು.

ಯಾರ ಕೈಯಲ್ಲಿ ಸಿಕ್ಕಿತೋ ಅವರ ಮೇಲೆ. ಹಾಗಂತ ಕಾನೂನಂತೆ. ಉಚ್ಚೆಂಗೆಮ್ಮನ ಎಡಗೈ ಹೆಬ್ಬೆರಳಿಗೆ ಮಸಿ ಬಳಿದರು. "ಸಾವ್ಕಾರ್ರೇ, ನೀವೇ ಅಂದಿದ್ರಲ್ಲ, ಪುಣ್ಯ ಅಂತ" ಎಂದಳು ಅಷ್ಟೇ. ಬಕ್ಕೇಶಪ್ಪ ಹೊಸ ಮೊಬೈಲಿನ ಗುಂಡಿ ಒತ್ತುವುದನ್ನು ಕಲಿಯುತ್ತಿದ್ದರು.

"ಅಲ್ರಿ ಯಜಮಾನ್ರೇ," ನಾನು ಬಾಯಿ ಹಾಕಿದೆ, "ಈ ಹೆಂಗಸು ಆ ಫೋನು..."

"ಜಮಾಲು, ನಿಂದು ಸ್ಟೇರಿಂಗು. ಅದನ್ನ ಹಿಡಿ" ಎಂದರು ಬಕ್ಕೇಶಪ್ಪ.

ಆಕೆಯನ್ನು ಊರಿಗೆ ಬಿಟ್ಟು ಬರುವಾಗ, ಸರೋಜಾಳನ್ನು ಹರಿಹರಕ್ಕೆ ನಮ್ಮ ಮನೆಗೆ ಕಳಿಸು, ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ ಎಂದೆ. "ಅಳಿಯನ್ನ ಒಂದು ಮಾತು ಕೇಳಿ ಹೇಳ್ತೀನಿ ತಮ್ಮಾ" ಎಂದಳು. ಹೇಗೆ ಹೇಳುವುದು? ಹೇಳುವ ಫೋನು ಡಿಕ್ಕಿಯಲ್ಲಿ ಅರಗಿನ ಮುದ್ರೆ ಹಾಕಿಸಿಕೊಂಡು ಮಲಗಿತ್ತು.

ಅಳಿಯ ಬರುವ ಮೊದಲೇ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಲೋಕಿಕೆರೆಯಲ್ಲಿ ಟ್ರ್ಯಾಕ್ಟರು ಉಳಿಯುವುದಿಲ್ಲ. ಎಲ್ಲ ಜನ ತುಂಬಿಕೊಂಡು ಉಕ್ಕಡಗಾತ್ರಿಯ ಕರಿಬಸಜ್ಜನ ಗದ್ದುಗೆಯ ಕಡೆ ಹೋಗಿರುತ್ತವೆ. ಬಸ್ಸುಗಳೂ ಅತ್ತಲೇ. ಆ ದಿನವೇ ನೋವು ಶುರುವಾಯಿತು. ಜಂಬಯ್ಯಜ್ಜ ಎತ್ತಿನ ಗಾಡಿ ಕಟ್ಟಿದ. ದಾರಿಯಲ್ಲಿ ಮೆಕ್ಕೆಜೋಳದ ಲಾರಿಯೊಂದು ಕಂಡು ಉಚ್ಚೆಂಗೆಮ್ಮ ರಸ್ತೆಗೆ ಅಡ್ಡ ಮಲಗಿಬಿಟ್ಟಳಂತೆ. ಮೂಟೆಗಳ ಮೇಲೆಯೇ ಮಗು ಹುಟ್ಟಿತು. ಗಂಡು, ಬದುಕಿತು. ಸರೋಜಾಳ ನೆತ್ತರು ಮೂಟೆಗಳಿಗಿಳಿದು, ದಾವಣಗೆರೆ ಮುಟ್ಟುವಾಗ ಆಕೆ ಸುಣ್ಣದ ಗೋಡೆಯಂತೆ ಬಿಳುಚಿದ್ದಳು. ಡಾಕ್ಟರಮ್ಮ ಉಳಿಸಿದರು. ಆದರೆ ಗರ್ಭಕೋಶ ತೆಗೆಯಬೇಕಾಯಿತು. ಅಷ್ಟೂ ಹೊತ್ತು ನಾನು ಸ್ಟ್ಯಾಂಡಿನಲ್ಲೇ ಇದ್ದೆ. ಬಾಡಿಗೆಯಿಲ್ಲದೆ, ಓಬಯ್ಯನ ಜೊತೆ ಚಹಾ ಕುಡಿಯುತ್ತ.

ಒಂದು ತಿಂಗಳ ಮೇಲೆ ಅಂಜನ್ ಕುಮಾರ್ ಮತ್ತೆ ಬಂದ. ರುದ್ರಮುನಿಯ ಕೊನೆಯ ತಪಾಸಣೆ, ಲೋಕಿಕೆರೆ ಕಡೆ ಗದ್ದಲವೆಲ್ಲ ನಿಂತಿದೆಯೇ ನೋಡಬೇಕಂತೆ. ಆ ಕೂಸು, ಬಾಣಂತಿಯನ್ನು ನೋಡಿ ಬರುವ ನೆಪವೂ ಆಗುತ್ತದೆಂದು ಒಪ್ಪಿಕೊಂಡೆ. ಈ ಸಲ ಅವನ ಕೊರಳಲ್ಲಿ ಕ್ಯಾಮೆರಾ ಇತ್ತು. ಯಾಕೆಂದು ಕೇಳಲಿಲ್ಲ.

ಅದೇ ಹೊಲ, ಅದೇ ಪಂಪ್‌ಹೌಸು. ರುದ್ರಮುನಿ ಏರಿಯಲ್ ತಿರುಗಿಸಿ, "ಕ್ಲೀನ್. ಒಂದು ಸೊಳ್ಳೆ ಸದ್ದೂ ಇಲ್ಲ" ಎಂದರು. ಸರೋಜಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಬಿಸಿಲಿಗೆ ಕೂತಿದ್ದಳು, ತೊಡೆಯ ಮೇಲೆ ಕೂಸು. ಊರವರು ಆಗಲೇ ಅದಕ್ಕೆ ಲಾರಿ ಬಸಣ್ಣ ಎಂದು ಹೆಸರಿಟ್ಟಿದ್ದರು. ಅಂಜನ್ ಕುಮಾರ್ ಬ್ಯಾಗಿನಿಂದ ಒಂದು ಮೊಬೈಲು ತೆಗೆದು ಆಕೆಯ ಕೈಗೆ ತುರುಕಿದ.

"ಕಿವಿ ಹತ್ರ ಹಿಡ್ಕೊಳ್ಳಮ್ಮಾ. ಮಗೂನ ಈ ಕಡೆ ತಿರುಗಿಸು. ಸ್ಮೈಲ್. ನಗ್ತಾ ಇರು."

"ಯಾತಕ್ಕಪ್ಪಾ ಇದು?" ಎಂದಳು ಉಚ್ಚೆಂಗೆಮ್ಮ.

"ಪೇಪರಲ್ಲಿ ಹಾಕ್ತೀವಿ. ಮೊಬೈಲ್ ಉಳಿಸಿದ ಕಂದ ಅಂತ. ಬಕ್ಕೇಶಪ್ಪನೋರೇ ಐಡಿಯಾ ಕೊಟ್ಟಿದ್ದು. ಅವರ ಮೊಬೈಲಿಂದ ಫೋನ್ ಹೋಗಿ ಲಾರಿ ಬಂತು ಅಂತ ಅವರು ಹೇಳ್ತಾರೆ. ನಿಮ್ಮ ಕೇಸೂ ಮುಚ್ಚಿಸ್ತೀವಿ."

ನಾನು ರುದ್ರಮುನಿಯ ಕಡೆ ನೋಡಿದೆ. ಅವರು ಏರಿಯಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಮಡಿಸುತ್ತಿದ್ದರು.

ಉಚ್ಚೆಂಗೆಮ್ಮ ಮಗಳ ಕೈಯಿಂದ ಮೊಬೈಲು ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದು ಇಲ್ಲಿ ಹತ್ತತೈತಾ?"

"ಇಲ್ಲಿಗೆ ಟವರ್ ಇನ್ನೂ ಬಂದಿಲ್ಲ."

"ಯಾವಾಗ ಬರ್ತೈತೆ?"

"ಇಲ್ಲಿ ಯಾರಿದಾರೆ ತಗೊಳ್ಳೋಕೆ? ನೋಡೋಣ."

"ಹಂಗಾದ್ರೆ ಇಲ್ಲೀದು ಕೊಂಡಿದ್ದು ಯಾಕಪ್ಪಾ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. "ನೀವೂ ಉಳೋದಿಲ್ಲ, ಉಳೋರಿಗೂ ಬಿಡೋದಿಲ್ಲ. ಎದಕ್ ಕೊಂಡ್ರಿ?"

ಮೊಬೈಲನ್ನು ಅವನ ಕೈಗಲ್ಲ, ಸಗಣಿ ಸಾರಿಸಿದ ಕಟ್ಟೆಯ ಮೇಲಿಟ್ಟು, ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕಕ್ಕೆ ಉಗುಳಿದಳು. ಸರೋಜಾ ಕೂಸಿನ ಮುಖದ ಮೇಲೆ ಸೆರಗೆಳೆದು ಎದ್ದು ಒಳಗೆ ಹೋದಳು. ಅಂಜನ್ ಕುಮಾರ್ ನನ್ನ ಕಡೆ ತಿರುಗಿ, "ಜಮಾಲ್, ನಿನ್ ಮಾತು ಕೇಳ್ತಾರೆ, ಸ್ವಲ್ಪ ಹೇಳಯ್ಯಾ, ನಿನಗೂ ಏನಾದ್ರೂ ನೋಡ್ತೀನಿ" ಎಂದು ಹೆಗಲ ಮೇಲೆ ಕೈಯಿಟ್ಟ. ಗಿರಣಿ ಧಣಿಯ ಹೆಗಲ ಮೇಲಿಟ್ಟ ಕೈ. ಟವೆಲು ಮುಟ್ಟಿದ ಕೈ ಕುಲುಕಿದ ಕೈ.

ನಾನು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟೆ. ಜೇಬಿನಿಂದ ನನ್ನ ಕಾರು ಒರೆಸುವ ಬಟ್ಟೆ ತೆಗೆದು ಹೆಗಲು ಒರೆಸಿಕೊಂಡೆ. ಕಾರಿಗೆ ಹೋಗಿ ಇಂಜಿನ್ ಶುರುಮಾಡಿದೆ.

"ಏಯ್, ಎಲ್ಲಿಗೆ? ನಾವು ಹೇಗೆ ಬರೋದು?"

"ಫೋನ್ ಮಾಡ್ರಿ" ಎಂದೆ. "ಓಬಯ್ಯನ ಬೂತಿಗೆ ಫೋನ್ ಮಾಡ್ರಿ. ಸ್ಟ್ಯಾಂಡಿನಾಗೇ ಇರ್ತೀನಿ. ಒಂದು ಕೂಗು ಹಾಕಿದ್ರೆ ಬರ್ತೀನಿ."

ಗಾಡಿ ತಿರುಗಿಸಿ ರಸ್ತೆಗೆ ಹತ್ತಿಸಿದೆ. ಬಾಡಿಗೆ ಹೋಯಿತು, ಆ ಕಂಪನಿಯ ಬಾಡಿಗೆ ಮತ್ತೆಂದೂ ಬರಲಿಲ್ಲ. ಕೆಲವು ವಾರದ ಮೇಲೆ ಹರಿಹರದ ಸೇತುವೆ ಹತ್ತಿರ ದೊಡ್ಡ ಬೋರ್ಡು ನಿಂತಿತು, ಯಾವುದೋ ಊರಿನ ಕೆಂಪನೆಯ ಹೆಂಗಸು, ದುಂಡನೆಯ ಮಗು, ಕಿವಿಗೆ ಮೊಬೈಲು, ಅದೇ ಮಾತು. ನದಿ ದಾಟುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಕಿಟಕಿ ಇಳಿಸಿ ಉಗುಳುತ್ತೇನೆ.

ಆ ದಿನ ಮಾತ್ರ ತಿರುವಿನಲ್ಲಿ ಕನ್ನಡಿ ನೋಡಿದೆ. ಅಂಜನ್ ಕುಮಾರ್ ಕೂಳೆಯ ನಡುವೆ ಮೊಬೈಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ನಿಂತಲ್ಲೇ ಮೆಲ್ಲಗೆ ತಿರುಗುತ್ತಿದ್ದ. ಎರಡು ಹೆಜ್ಜೆ ಇಡುವನು, ನಿಲ್ಲುವನು, ಮತ್ತೆ ತಿರುಗುವನು. ಆಚೆ ಹೊಲದಿಂದ ಜಂಬಯ್ಯಜ್ಜ ಎತ್ತು ಬಿಟ್ಟು ಅವನ ಕಡೆ ಓಡಿಬರುತ್ತಿದ್ದ. ಈ ಸಲ ತೆಂಗಿನಕಾಯಿ ಕೈಯಲ್ಲೇ ಇತ್ತು.